ಮಳೆಗಾಲದ ಹುಳಿಮದ್ದು

ಮುಂಗಾರು ಮೊದಲಾಯಿತೆಂದರೆ ಬೆಂಗಳೂರಿನ ಪಶ್ಚಿಮಕ್ಕಿರುವ ನಮ್ಮ ಅನ್ನಪೂರ್ಣೇಶ್ವರಿ ನಗರದ ಅಡಿಗೆಮನೆಗಳಲ್ಲಿ ಶುಂಠಿ, ಮೆಣಸುಗಳ ಘಾಟು ಏಳುತ್ತದೆ. ಕಷಾಯ ಕಾಯಿಸುವುದು ಹಳೆಯ ರೂಢಿ. ಮೂಲಿಕೆಗಳನ್ನು ವಿನೆಗರಿನಲ್ಲಿ ನೆನೆಹಾಕಿ ಜೇನು ಬೆರೆಸುವ ಹುಳಿಮದ್ದು ಈಚಿನದು. ಹಾಗೆಂದು ಇದು ಹೊಸ ಕಲ್ಪನೆಯೇನಲ್ಲ. ಪ್ರಾಚೀನ ಗ್ರೀಸಿನ ವೈದ್ಯರು ವಿನೆಗರು, ಜೇನುಗಳ ಮಿಶ್ರಣವನ್ನು ‘ಆಕ್ಸಿಮೆಲ್’ ಎಂದು ಕರೆದು ಬಳಸುತ್ತಿದ್ದರು.

ವಿನೆಗರಿನ ಹುಳಿಗೆ ಕಾರಣ ಅಸಿಟಿಕ್ ಆಮ್ಲ. ಗಾಳಿಯ ಆಮ್ಲಜನಕದ ನೆರವಿನಿಂದ ಮದ್ಯಸಾರವನ್ನು ಈ ಆಮ್ಲವಾಗಿ ಮಾರ್ಪಡಿಸುವವು ಸೂಕ್ಷ್ಮಜೀವಿಗಳು. ಕೊಡಗಿನ ಕಪ್ಪು ಕಾಚಂಪುಳಿಯನ್ನೂ ವಿನೆಗರೆನ್ನುವುದುಂಟು. ಆದರೆ ಹಣ್ಣಿನ ರಸವನ್ನು ಕುದಿಸಿ ಇಂಗಿಸಿದ ಅದರ ಹುಳಿಗೆ ಮುಖ್ಯ ಕಾರಣ ಹೈಡ್ರಾಕ್ಸಿಸಿಟ್ರಿಕ್ ಆಮ್ಲ.

ತಯಾರಿಕೆ ಸುಲಭ. ಗಾಜಿನ ಭರಣಿಯಲ್ಲಿ 50 ಗ್ರಾಂ ಶುಂಠಿ, ನಾಲ್ಕಾರು ಬೆಳ್ಳುಳ್ಳಿ ಎಸಳು, ಒಂದು ಚಮಚ ಕುಟ್ಟಿದ ಮೆಣಸು ಹಾಕಿ, ಅವೆಲ್ಲ ಮುಳುಗುವಂತೆ ಶೇಕಡ 5ರ ಅರ್ಧ ಲೀಟರು ವಿನೆಗರು ಸುರಿಯತಕ್ಕದ್ದು. ಎರಡು ವಾರದ ಮೇಲೆ ಶೋಧಿಸಿ, ರುಚಿಗೆ ತಕ್ಕಷ್ಟು ಜೇನು ಸೇರಿಸಿ ಶೀತಕದಲ್ಲಿಟ್ಟರಾಯಿತು. ಹಿತ್ತಾಳೆ, ತಾಮ್ರಗಳ ಪಾತ್ರೆ ಸಲ್ಲದು: ಗಾಳಿಯ ಸಂಪರ್ಕವಿದ್ದಾಗ ಆಮ್ಲವು ತಾಮ್ರವನ್ನು ಕರಗಿಸುತ್ತದೆ, ಹುಟ್ಟುವ ಹಸಿರು ಲವಣ ವಿಷ.

ಶುಂಠಿಯನ್ನು ತೆಳ್ಳಗೆ ಹೆಚ್ಚಬೇಕೆನ್ನುವರಲ್ಲ, ಏಕೆ? ಅದರ ಸಾರ ಹೊರಬರುವುದು ಅಣುಗಳ ವಿಸರಣೆಯಿಂದ. ವಿಸರಣೆಗೆ ಹಿಡಿಯುವ ಕಾಲ ದಪ್ಪದ ವರ್ಗವನ್ನು ಅನುಸರಿಸುತ್ತದೆ. 4 ಮಿಲಿಮೀಟರಿನ ಬಿಲ್ಲೆಯನ್ನು 2 ಮಿಲಿಮೀಟರಿಗೆ ಇಳಿಸಿದರೆ ಕಾಲ ಅರ್ಧಕ್ಕಲ್ಲ, ಸುಮಾರು ಕಾಲುಭಾಗಕ್ಕೆ ಇಳಿಯುತ್ತದೆ!

ಕುಡಿಯುವಾಗ ನೀರು ಬೆರೆಸಲೇಬೇಕು. ಆದರೂ ಎಚ್ಚರ ಬೇಕು. ವಿನೆಗರಿನ ಪಿಎಚ್ ಸುಮಾರು 2.4; ಅದನ್ನು ಶುದ್ಧ ನೀರಿನಿಂದ ಹತ್ತು ಪಟ್ಟು ತೆಳುಮಾಡಿದರೂ ದುರ್ಬಲ ಆಮ್ಲವಾದುದರಿಂದ ಪಿಎಚ್ 2.9ರ ಆಸುಪಾಸಿಗಷ್ಟೆ ಏರುತ್ತದೆ. ಪಿಎಚ್ ಸುಮಾರು 5.5ಕ್ಕಿಂತ ಕೆಳಗಿಳಿದರೆ ಹಲ್ಲಿನ ಎನಾಮೆಲ್ ಕರಗತೊಡಗುತ್ತದೆ. ಆದಕಾರಣ ಕುಡಿದೊಡನೆ ಬಾಯಿ ಮುಕ್ಕಳಿಸುವುದು ಲೇಸು. ಒಂದು ವರ್ಷ ತುಂಬದ ಶಿಶುವಿಗಂತೂ ಜೇನನ್ನು ಕೊಡಲೇಕೂಡದು.

ಹಾಗಾದರೆ ಇದು ರೋಗವನ್ನು ತಡೆಯುವುದೆ? ಈ ಪ್ರಶ್ನೆಗೆ ನಾವು ದುಬಾರಿಯ ಪಾಠ ಕಲಿತೆವು. ಒಂದು ಮಳೆಗಾಲ ನಮ್ಮ ಮನೆಯ ಹುಡುಗನಿಗೆ ಜ್ವರ ಬಂದಿತು. ಅಜ್ಜಿ ವಾತ್ಸಲ್ಯದಿಂದ ಹುಳಿಮದ್ದು ಕೊಟ್ಟರು. ನಾವೂ ಎರಡು ದಿನ ಸುಮ್ಮನಿದ್ದೆವು. ಮೂರನೆಯ ದಿನ ರಕ್ತಪರೀಕ್ಷೆಯಾಯಿತು: ಡೆಂಗಿ. ಹುಡುಗ ಗುಣಹೊಂದಿದನು. ಆದರೆ ತರಗತಿಯಲ್ಲಿ ‘ಸಾಕ್ಷ್ಯವೆಲ್ಲಿ?’ ಎಂದು ಕೇಳುವ ನಾವು ಮನೆಯಲ್ಲಿ ಕೇಳದೆಹೋದುದು ಇಂದಿಗೂ ಮನಸ್ಸನ್ನು ಚುಚ್ಚುತ್ತದೆ. ಜೇನು ಕೆಮ್ಮನ್ನು ಕೊಂಚ ಶಮನಗೊಳಿಸೀತು, ಶುಂಠಿ ನಾಲಗೆಗೆ ಹಿತವಾದೀತು. ಜ್ವರಕ್ಕೆ ಮಾತ್ರ ವೈದ್ಯರೇ ಬೇಕು.

ವಿದ್ಯಾರ್ಥಿಗಳು ಒಂದು ಪ್ರಯೋಗ ಮಾಡಿನೋಡಬಹುದು. ಸಮತೂಕದ ಬೀಟ್‌ರೂಟನ್ನು ಒಂದು ಲೋಟಕ್ಕೆ ದಪ್ಪಗೆ, ಇನ್ನೊಂದಕ್ಕೆ ತೆಳ್ಳಗೆ ಹೆಚ್ಚಿ, ಸಮನಾಗಿ ವಿನೆಗರು ಸುರಿಯಿರಿ. ಯಾವುದು ಬೇಗ ಕೆಂಪಾಗುವುದೆಂದು ಗಡಿಯಾರ ಹಿಡಿದು ನೋಡಿರಿ. ನಮ್ಮ ಮಾತನ್ನೂ ಪರೀಕ್ಷಿಸದೆ ಒಪ್ಪಬೇಡಿರಿ.