ಗಾಳ ಹಿಡಿದವನಿಗೆ ಎಂಥ ದೋಣಿ?

ಮಳೆಗಾಲದಲ್ಲಿ ಕೊಯ್ನಾ ಜಲಾಶಯ ತುಂಬಿ, ಕೃಷ್ಣೆಯ ರಾಜಾಪುರ ಬ್ಯಾರೇಜಿನಿಂದ ಲಕ್ಷ ಕ್ಯುಸೆಕ್ ಮೀರಿ ನೀರು ಇಳಿಯಿತೆಂದರೆ ಚಿಕ್ಕೋಡಿ, ರಾಯಬಾಗ, ಕಾಗವಾಡ, ಅಥಣಿಯ ಹೊಳೆದಂಡೆಯ ಊರುಗಳಲ್ಲಿ ಬೆಲ್ಲದ ಕಡಾಯಿಗೆ ಹೊಸ ಕೆಲಸ ಬರುತ್ತದೆ. ಕಬ್ಬಿನ ಹಾಲು ಕಾಯಿಸುವ, ಏಳೆಂಟು ಅಡಿ ಅಗಲದ ಆ ಕಬ್ಬಿಣದ ಪಾತ್ರೆಯನ್ನು ನೀರಿಗೆ ನೂಕಿ, ಅದರಲ್ಲಿ ಮೇವಿನ ಹೊರೆ, ಮುದುಕರು, ಮಕ್ಕಳನ್ನು ಕೂರಿಸಿ ದಾಟಿಸುತ್ತಾರೆ. ಹೊತ್ತಿಗೆ ಸಿಕ್ಕಿದ್ದೇ ದೋಣಿ. ಅದನ್ನು ತಪ್ಪೆನ್ನುವವರು ಪ್ರವಾಹ ಕಂಡವರಲ್ಲ.

ಆದರೆ ನೀರು ಇಳಿದ ಮೇಲೆ, ಚಳಿಗಾಲದ ಒಂದು ಭಾನುವಾರ ಗಾಳ ಹಿಡಿದು ಹೊರಟವನಿಗೆ ಅಂಥ ಅವಸರವೇನಿಲ್ಲ. ಅವನು ಆರಿಸಿಕೊಳ್ಳಬಹುದು. ಮತ್ತು ಆರಿಸುವಾಗ ಆ ಕಡಾಯಿಯನ್ನು ಒಮ್ಮೆ ನೆನೆಸಿಕೊಂಡರೆ ಅರ್ಧ ಪಾಠ ಅಲ್ಲೇ ಸಿಗುತ್ತದೆ. ಕಡಾಯಿ ತೇಲುವುದು ಅದರೊಳಗೆ ಗಾಳಿ ಇರುವವರೆಗೆ ಮಾತ್ರ. ಅಂಚು ಒಂದು ಬಾರಿ ತಗ್ಗಿ ನೀರು ಒಳಗೆ ನುಗ್ಗಿತೋ, ಕಬ್ಬಿಣ ನೇರವಾಗಿ ತಳ ಕಾಣುತ್ತದೆ. ಬಿದಿರಿನ ಹರಿಗೋಲು ಹಾಗಲ್ಲ. ತುಂಬಿದರೂ, ಮಗುಚಿದರೂ ಬಿದಿರು ತೇಲುತ್ತದೆ, ಹಿಡಿದುಕೊಳ್ಳಲು ಏನಾದರೂ ಉಳಿಯುತ್ತದೆ. ಅಂಗಡಿಯಲ್ಲಿ ದೋಣಿ ನೋಡುವಾಗ ಮೊದಲು ಕೇಳಬೇಕಾದ್ದು ಬಣ್ಣವನ್ನಲ್ಲ, ಬೆಲೆಯನ್ನೂ ಅಲ್ಲ. ನೀರು ತುಂಬಿದರೆ ಇದು ಏನಾಗುತ್ತದೆ ಎಂಬುದನ್ನು. ಫೈಬರ್ ದೋಣಿಯಾದರೆ ಕೂರುವ ಹಲಗೆಯ ಕೆಳಗೆ, ಮೂತಿಯಲ್ಲಿ ನೊರೆಯೋ ಮುಚ್ಚಿದ ಗಾಳಿಪೆಟ್ಟಿಗೆಯೋ ಇರಬೇಕು. ಇಲ್ಲದಿದ್ದರೆ ಅದು ಬಣ್ಣ ಬಳಿದ ಕಡಾಯಿ.

ದೋಣಿ ಆರಿಸುವ ಈ ವಿದ್ಯೆ ಜಗತ್ತಿನಲ್ಲಿ ದೊಡ್ಡ ವ್ಯಾಪಾರವಾಗಿ ಬೆಳೆದದ್ದು ಅಮೆರಿಕದಲ್ಲಿ, ಬ್ಯಾಸ್ ಎಂಬ ಮೀನಿನ ಹಿಂದೆ. ಲೂಯಿಸಿಯಾನದ ಹೋಮ್ಸ್ ಥರ್ಮಂಡ್ 1948ರಲ್ಲಿ ಕಟ್ಟಿದ ಸ್ಕೀಟರ್ ಎಂಬ ಚಪ್ಪಟೆ ದೋಣಿಯನ್ನು ಮೊದಲ ಬ್ಯಾಸ್ ದೋಣಿ ಎನ್ನುತ್ತಾರೆ. ಈಗ ಅದರ ಮೊಮ್ಮಕ್ಕಳು ಕಾರಿಗಿಂತ ದುಬಾರಿ. ತಮಾಷೆಯೆಂದರೆ, ಆ ಮೀನಿನ ವಿಶ್ವದಾಖಲೆ ಬರೆದವನ ಬಳಿ ಅಂಥದ್ದೇನೂ ಇರಲಿಲ್ಲ. 1932ರ ಜೂನ್ 2ರಂದು ಜಾರ್ಜಿಯಾದ ಜಾರ್ಜ್ ಪೆರಿ ಎಂಬ ಯುವ ರೈತ ಹಲಗೆ ಜೋಡಿಸಿ ತಾನೇ ಮಾಡಿದ ದೋಣಿಯಲ್ಲಿ ಗೆಳೆಯನೊಂದಿಗೆ ಕೂತು 10 ಕಿಲೋ ತೂಗುವ ಬ್ಯಾಸ್ ಎತ್ತಿದ. ಇಬ್ಬರ ನಡುವೆ ಇದ್ದದ್ದು ಒಂದೇ ಗಾಳದ ಕೋಲು. ಮೀನನ್ನು ತೂಗಿಸಿ ಮನೆಗೆ ಒಯ್ದರು, ಅಡಿಗೆಯಾಯಿತು. 2009ರಲ್ಲಿ ಜಪಾನಿನ ಬಿವಾ ಸರೋವರದಲ್ಲಿ ಮನಾಬು ಕುರಿತಾ ಅದನ್ನು ಸರಿಗಟ್ಟಿದ. ತೂಕದ ಅಂತರ ನಿಯಮ ಕೇಳುವಷ್ಟಿರಲಿಲ್ಲವಾದ್ದರಿಂದ ದಾಖಲೆಯನ್ನು ಇಬ್ಬರಿಗೂ ಹಂಚಲಾಯಿತು.

ನಮ್ಮ ಕೃಷ್ಣೆಯಲ್ಲಿ ಬ್ಯಾಸ್ ಇಲ್ಲ. ಅದರ ಜಾಗದಲ್ಲಿ, ಸ್ವಭಾವದಲ್ಲೂ ಹೋಲುವ ಇನ್ನೊಬ್ಬ ಪುಂಡನಿದ್ದಾನೆ. ಮರಾಠಿಯಲ್ಲಿ ಮರಳ, ತೆಲುಗಿನಲ್ಲಿ ಕೊರಮೀನು. ಕನ್ನಡದಲ್ಲಿ ಊರಿಗೊಂದು ಹೆಸರು, ಕೊರವ, ಕುಚ್ಚು, ಮರಲ್. ಹಾವಿನ ತಲೆ, ಉದ್ದನೆ ಮೈ, ಬಾಯ್ತುಂಬ ಹಲ್ಲು. ಕಿವಿರಿನ ಜೊತೆಗೆ ಗಾಳಿಯನ್ನೇ ಉಸಿರಾಡುವ ಅಂಗವೂ ಇರುವುದರಿಂದ ಆಗಾಗ ಮೇಲೆ ಬಂದು ಗುಳುಕ್ಕನೆ ಗಾಳಿ ನುಂಗಿ ಹೋಗುತ್ತದೆ. ಗಾಳದವನಿಗೆ ಅದೇ ವಿಳಾಸ. ನಿಂತ ನೀರು, ಆಪು, ಅಂತರಗಂಗೆಯ ಮರೆ ಇದರ ಮನೆ. ಕಪ್ಪೆ ಜಿಗಿದರೆ ಸಾಕು, ಕಳೆ ಸೀಳಿಕೊಂಡು ಮೇಲೆರಗುತ್ತದೆ.

ಅಂದರೆ ಮೀನಿರುವುದು ನಡುಹೊಳೆಯ ಆಳದಲ್ಲಲ್ಲ, ಕಳೆ ತುಂಬಿದ ತೆಳುನೀರಿನಲ್ಲಿ. ಹಿಪ್ಪರಗಿ ಬ್ಯಾರೇಜಿನ ಹಿನ್ನೀರು ಅಥಣಿ, ರಾಯಬಾಗದ ದಂಡೆಗಳವರೆಗೆ ನಿಲ್ಲುವಾಗ ಇಂಥ ಜಾಗಗಳಿಗೆ ಬರವಿಲ್ಲ. ಅಲ್ಲಿಗೆ ಆಳದ ಹೊಟ್ಟೆಯ ದೋಣಿ ಹೋಗದು. ಮೋಟರಿನ ರೆಕ್ಕೆಗೆ ಕಳೆ ಸುತ್ತಿ ಉಸಿರು ಕಟ್ಟುತ್ತದೆ. ಗೇಣು ನೀರಿನಲ್ಲಿ ಸದ್ದಿಲ್ಲದೆ ಜಾರುವಂಥದ್ದು ಬೇಕು.

ಹರಿಗೋಲು ಸರಿಯಾಗಿ ಅಂಥದ್ದು. ಉತ್ತರದಲ್ಲಿ ಕೆಲವು ಕಡೆ ಪುಟ್ಟಿ, ಮೈಸೂರು ಸೀಮೆಯಲ್ಲಿ ತೆಪ್ಪ. ಹದಿನಾರನೆಯ ಶತಮಾನದಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಇದನ್ನು ಕಂಡು ಬೆರಗಾಗಿ ಬರೆದಿಟ್ಟಿದ್ದಾನೆ: ಬುಟ್ಟಿಯಂತೆ ದುಂಡಗಿನ, ಹೊರಗೆ ಚರ್ಮ ಹೊದಿಸಿದ ದೋಣಿ, ಹದಿನೈದು ಇಪ್ಪತ್ತು ಜನ ಹಿಡಿಸುತ್ತಾರೆ, ಬೇಕಾದರೆ ಕುದುರೆ ಎತ್ತುಗಳನ್ನೂ ದಾಟಿಸುತ್ತಾರೆ, ಆದರೆ ನೇರ ಹೋಗದೆ ಸುತ್ತುತ್ತಲೇ ಇರುತ್ತದೆ ಎಂದು. ಐನೂರು ವರ್ಷಗಳಲ್ಲಿ ಬದಲಾದದ್ದು ಹೊದಿಕೆ ಮಾತ್ರ. ಚರ್ಮ ಹೋಗಿ ಗೊಬ್ಬರದ ಚೀಲ, ಪ್ಲಾಸ್ಟಿಕ್ ಹಾಳೆ ಬಂತು. ಅದರ ಮೇಲೆ ಕಾಯಿಸಿದ ಡಾಂಬರು. ಈಚೆಗೆ ಇಡೀ ಫೈಬರಿನಲ್ಲೇ ಎರಕ ಹೊಯ್ದ ಹರಿಗೋಲುಗಳೂ ಸಿಗುತ್ತವೆ.

ಅದು ಎಷ್ಟು ಭಾರ ಹೊರುತ್ತದೆಂಬುದನ್ನು ಶಾಲೆಯ ಗಣಿತದಲ್ಲೇ ತಿಳಿಯಬಹುದು. ಎರಡು ಮೀಟರ್ ಅಡ್ಡಗಲದ ಹರಿಗೋಲಿನ ತಳವನ್ನು ಚಪ್ಪಟೆ ಎಂದುಕೊಂಡರೆ ವಿಸ್ತೀರ್ಣ ಸುಮಾರು 3.14 ಚದರ ಮೀಟರ್. ಅದು ಒಂದು ಸೆಂಟಿಮೀಟರ್ ಕೆಳಗಿಳಿದರೆ 31 ಲೀಟರ್ ನೀರು ಸರಿಯುತ್ತದೆ, ಅಂದರೆ 31 ಕಿಲೋ ಹೊರೆ. 65 ಕಿಲೋದ ಮೂವರು ಹತ್ತಿದರೆ ಇಳಿಯುವುದು ಆರೇ ಸೆಂಟಿಮೀಟರ್, ಮೂರು ಬೆರಳಿನಷ್ಟು. ಹಾಗಿದ್ದರೆ ಹರಿಗೋಲು ಯಾಕೆ ಮಗುಚುತ್ತದೆ? ಭಾರಕ್ಕಲ್ಲ, ಭಾರ ಒಂದು ಕಡೆಗೆ ವಾಲುವುದಕ್ಕೆ. ಮೀನು ಕಚ್ಚಿತೆಂದು ಮೂವರೂ ಒಂದೇ ಅಂಚಿಗೆ ಬಗ್ಗಿದರೆ ಲೆಕ್ಕವೆಲ್ಲ ತಲೆಕೆಳಗು. ಹೊಳೆಯ ಸೆಳೆತವೂ ಸೇರಿದರೆ ಕೇಳುವುದೇ ಬೇಡ. 2020ರ ಆಗಸ್ಟಿನಲ್ಲಿ ರಾಯಚೂರು ಜಿಲ್ಲೆಯ ಕುರ್ವಕಲಾ ಬಳಿ ಇದೇ ಕೃಷ್ಣೆಯಲ್ಲಿ ಹತ್ತಕ್ಕೂ ಹೆಚ್ಚು ಮಂದಿ ಕೂತಿದ್ದ ತೆಪ್ಪ ಮಗುಚಿ ಕೆಲವರು ಕಣ್ಮರೆಯಾದದ್ದು ನದಿ ಮೈದುಂಬಿದ್ದಾಗ. ಗಾಳದ ಹರಿಗೋಲಿಗೆ ಇಬ್ಬರು ಸಾಕು, ಒಬ್ಬ ಹುಟ್ಟು ಹಾಕಲು, ಒಬ್ಬ ಗಾಳ ಎಸೆಯಲು. ಇಬ್ಬರೂ ಎದುರುಬದುರು.

ಸುತ್ತುವ ಗುಣ ಹೊಸಬರಿಗೆ ತಲೆನೋವು. ಹುಟ್ಟನ್ನು ಪಕ್ಕದಲ್ಲಿ ಹಾಕಿದರೆ ಬುಗುರಿಯಾಡುತ್ತದೆ. ಅಂಬಿಗರು ಹೋಗಬೇಕಾದ ದಿಕ್ಕಿಗೆ ಮುಖ ಮಾಡಿ, ಮುಂದೆ ಹುಟ್ಟು ಇಳಿಸಿ, ನೀರನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ಮಡಚುತ್ತ ತಮ್ಮತ್ತ ಎಳೆದುಕೊಳ್ಳುತ್ತಾರೆ. ಕಲಿಯಲು ಒಂದೆರಡು ಬೆಳಗು ಹಿಡಿಯುತ್ತದೆ. ಆಮೇಲೆ ತಿಳಿಯುತ್ತದೆ, ಸುತ್ತುವುದೇ ಇದರ ವರವೆಂದು. ದೊಡ್ಡ ಮೀನು ಕಚ್ಚಿ ಎಳೆದಾಗ ಹರಿಗೋಲು ತಡೆಯದೆ ಅದರ ಹಿಂದೆಯೇ ತೇಲಿಹೋಗುತ್ತದೆ. ದಾರದ ಮೇಲೆ ಬೀಳಬೇಕಾದ ಜಗ್ಗಾಟದ ಒಂದು ಪಾಲು ದೋಣಿಯ ಓಟದಲ್ಲೇ ಕರಗುತ್ತದೆ. ಕಾವೇರಿಯ ಭೀಮೇಶ್ವರಿ, ಗಾಳಿಬೋರೆಯ ಮಡುಗಳಲ್ಲಿ ಮಹಶೀರ್ ಹಿಡಿಯಲು ದೇಶವಿದೇಶದವರು ಬರುತ್ತಿದ್ದ ಕಾಲದಲ್ಲಿ ಗಾಳಕ್ಕೆ ರಾಗಿಮುದ್ದೆ, ಮೀನಿನ ಬೆನ್ನು ಹತ್ತಲು ಹರಿಗೋಲು, ಅದನ್ನು ನಡೆಸಲು ಊರಿನ ಅಂಬಿಗರು. ಮೈಸೂರಿನ ವ್ಯಾನ್ ಇಂಗನ್ ಮನೆತನದ ಡಿ ವೆಟ್ ವ್ಯಾನ್ ಇಂಗನ್ 1946ರಲ್ಲಿ ಕಬಿನಿಯಲ್ಲಿ ಎತ್ತಿದ 120 ಪೌಂಡಿನ, ಅಂದರೆ 54 ಕಿಲೋದ ಮಹಶೀರ್ ಇಂದಿಗೂ ಗಾಳಗಾರರ ಬಾಯಲ್ಲಿದೆ. ಆ ಕಾವೇರಿಯ ಡುಬ್ಬದ ಮಹಶೀರ್ 2018ರಲ್ಲಿ ಅಳಿವಿನ ಅಂಚಿನ ಪಟ್ಟಿಗೆ ಸೇರಿತು. ಅಭಯಾರಣ್ಯದ ನೀರಿನಲ್ಲಿ ಈಗ ಗಾಳ ಹಾಕುವಂತಿಲ್ಲ.

ಇನ್ನು ಹೊಳೆಯಿಂದ ದೂರ ಇರುವವರ ಮಾತು. ಅನಂತಪುರವನ್ನೇ ನೋಡಿ. ಅದು ಹೊಳೆದಂಡೆಯ ಊರಲ್ಲ. ಅಥಣಿ ತಾಲೂಕಿನ ಉತ್ತರದ ಒಣನೆಲದ ಕಡೆಯದು. ಅಲ್ಲಿಯ ಗಾಳದ ಹುಚ್ಚಿನವನು ಕೃಷ್ಣೆ ಕಾಣಬೇಕಾದರೆ ಅಥಣಿ ದಾಟಿ ದಕ್ಷಿಣಕ್ಕೆ ಹೋಗಬೇಕು. ಹಾಗಾಗಿ ಅವನಿಗೆ ದೋಣಿ ನೀರಿನಲ್ಲಿ ಹೇಗೆ ಹೋಗುತ್ತದೆ ಎಂಬಷ್ಟೇ ರಸ್ತೆಯ ಮೇಲೆ ಹೇಗೆ ಹೋಗುತ್ತದೆ ಎಂಬುದೂ ಮುಖ್ಯ. ಸಣ್ಣ ಹರಿಗೋಲನ್ನು ಪಿಕಪ್ ಗಾಡಿಯ ಮೇಲೆ ಬೋರಲು ಹಾಕಿ ಕಟ್ಟಬಹುದು. ದಂಡೆಯಿಂದ ನೀರಿಗೆ ಗಟ್ಟಿಗನೊಬ್ಬ ತಲೆಯ ಮೇಲೆ ಹೊತ್ತೇ ಒಯ್ಯುತ್ತಾನೆ. ಗಾಳಿ ತುಂಬುವ ದೋಣಿಯಾದರೆ ಚೀಲದಲ್ಲಿ ಮಡಚಿ ಬೈಕಿನ ಹಿಂದೆ ಕಟ್ಟಿದರೂ ಆಯಿತು. ಪ್ರವಾಹದಲ್ಲಿ ರಕ್ಷಣಾ ಪಡೆಯವರು ತರುವ ದೋಣಿ ನೋಡಿ ಇದರ ಮೇಲೆ ಆಸೆ ಪಡುವವರು ಬಹಳ. ಆದರೆ ಅವರದ್ದು ದಪ್ಪ ಬಟ್ಟೆಯ, ಹಲವು ಕೋಣೆಗಳ ದೋಣಿ. ಮಾರುಕಟ್ಟೆಯ ಅಗ್ಗದ್ದು ಮಕ್ಕಳ ಈಜುಕೊಳದ ಅಣ್ಣ. ಹಿನ್ನೀರಿನ ತಳದಲ್ಲಿ ಮುಳುಗಿ ನಿಂತಿರುವ ಬಳ್ಳಾರಿ ಜಾಲಿಯ ಒಂದು ಮುಳ್ಳು ಸಾಕು. ಕೊಳ್ಳುವುದೇ ಆದರೆ ಗಾಳಿಯ ಕೋಣೆ ಕನಿಷ್ಠ ಮೂರಾದರೂ ಬೇರೆ ಬೇರೆಯಾಗಿರಬೇಕು.

ಒಬ್ಬನೇ ಹೋಗುವವನಿಗೆ ಪ್ಲಾಸ್ಟಿಕ್ಕಿನ ಕಯಾಕ್ ಒಳ್ಳೆಯದು, ಅದರಲ್ಲೂ ಒಳಗೆ ಕಾಲು ತೂರಿಸದೆ ಮೇಲೆ ಕೂರುವಂಥದ್ದು. ಒಳಗಿನದೆಲ್ಲ ಮುಚ್ಚಿದ ಗಾಳಿ. ಅಲೆ ಹತ್ತಿದರೂ ನೀರು ತೂತುಗಳಿಂದ ಇಳಿದುಹೋಗುತ್ತದೆ, ಮಗುಚಿದರೆ ಮತ್ತೆ ಹತ್ತಬಹುದು. ಉದ್ದನೆಯದು ವೇಗ, ಅಗಲದ್ದು ಭದ್ರ. ಗಾಳಕ್ಕೆ ಅಗಲದ್ದೇ ಸರಿ.

ಲಾರಿ ಟ್ಯೂಬಿನ ಮೇಲೆ ಕೂತು, ಥರ್ಮಾಕೋಲ್ ಹಲಗೆಗಳನ್ನು ಕಟ್ಟಿಕೊಂಡು ಬಲೆ ಬಿಡುವವರು ಕೃಷ್ಣೆಯ ಉದ್ದಕ್ಕೂ ಇದ್ದಾರೆ. ಅದು ಅವರ ಹೊಟ್ಟೆಪಾಡು, ನೀರಿನ ನಾಡಿ ಅವರಿಗೆ ಗೊತ್ತು. ಹವ್ಯಾಸಿಗಳು ಅದನ್ನು ಅನುಕರಿಸಬಾರದು. ಕಾಲು ನೀರಿನಲ್ಲಿ ಇಳಿಬಿದ್ದಿರುತ್ತದೆ, ಮತ್ತು ಈ ಹೊಳೆಯಲ್ಲಿ ಮೊಸಳೆಗಳಿವೆ.

ಸಾಮಾನಿನ ವಿಷಯಕ್ಕೆ ಬಂದರೆ, ದೋಣಿಯಲ್ಲಿ ಇರಬೇಕಾದದ್ದಕ್ಕಿಂತ ಇರಬಾರದ್ದೇ ಹೆಚ್ಚು. ಬ್ಯಾಟರಿ ಮೋಟರನ್ನೇ ನೋಡಿ. ಅಮೆರಿಕದಲ್ಲಿ 1934ರಿಂದ ಮಿನ್ ಕೋಟಾ ಹೆಸರಿನಲ್ಲಿ ತಯಾರಾಗುತ್ತಿರುವ ಈ ಜಾತಿಯ ಮೋಟರು ಸದ್ದಿಲ್ಲದ್ದು, ಚೆಂದದ್ದು. ಚಿಕ್ಕದೊಂದು ಪೂರ್ತಿ ವೇಗದಲ್ಲಿ 30 ಆಂಪಿಯರ್ ಆಸುಪಾಸು ಎಳೆಯುತ್ತದೆ. ನೂರು ಆಂಪಿಯರ್-ಗಂಟೆಯ ಸೀಸದ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸಬಾರದೆಂದು ಲೆಕ್ಕ ಹಾಕಿದರೆ ಸಿಗುವುದು ಒಂದೂವರೆ ಗಂಟೆ. ಅದಕ್ಕಾಗಿ 25 ಕಿಲೋಗೂ ಮೀರಿದ ಆ ಭಾರವನ್ನು ಕೆಸರಿನ ದಂಡೆಯಲ್ಲಿ ಹೊರಬೇಕು. ಎರಡು ಹುಟ್ಟು, ಮತ್ತೊಂದು ಉದ್ದನೆಯ ಜಲ್ಲೆ, ಕಳೆ ತುಂಬಿದ ನೀರಿಗೆ ಇಷ್ಟೇ ವಾಸಿ. ಜಲ್ಲೆ ಆಳವನ್ನೂ ಹೇಳುತ್ತದೆ.

ಲಂಗರಿಗೆ ನಾಲ್ಕೈದು ಕಿಲೋದ ಕಲ್ಲೋ ಮರಳಿನ ಚೀಲವೋ ಸಾಕು. ಹಗ್ಗ ಆಳದ ಮೂರು ಪಟ್ಟು ಇರಲಿ. ಗಿಡ್ಡವಾದರೆ ಕಲ್ಲು ನಿಲ್ಲದೆ ತೆವಳುತ್ತದೆ. ಹರಿಯುವ ನೀರಿನಲ್ಲಿ ಲಂಗರು ಜಾಲಿಯ ಬೊಡ್ಡೆಗೆ ಸಿಕ್ಕಿಕೊಂಡರೆ ಹಗ್ಗ ದೋಣಿಯನ್ನೇ ಕೆಳಗೆ ಜಗ್ಗುತ್ತದೆ, ಆದ್ದರಿಂದ ಕೈಗೆಟಕುವಲ್ಲಿ ಒಂದು ಹರಿತ ಚಾಕು. ನೀರು ಗೋರಲು ಎಣ್ಣೆಯ ಕ್ಯಾನನ್ನು ಓರೆಯಾಗಿ ಕತ್ತರಿಸಿದರೆ ಅಂಗಡಿಯ ಡಬ್ಬಿಗಿಂತ ಚೆನ್ನಾಗಿ ಕೆಲಸ ಮಾಡುತ್ತದೆ. ಲೈಫ್ ಜಾಕೆಟ್ಟನ್ನು ಮಾತ್ರ ಮನೆಯಲ್ಲಿ ಮಾಡಲು ಹೋಗಬಾರದು. ಬಹಳ ಜನ ಅದನ್ನು ಕೊಂಡು ಕೂರುವ ದಿಂಬು ಮಾಡಿಕೊಳ್ಳುತ್ತಾರೆ. ಗುಂಡಿ, ಪಟ್ಟಿಗಳನ್ನೆಲ್ಲ ಹಾಕಿ ಭುಜದ ಹತ್ತಿರ ಹಿಡಿದು ಮೇಲಕ್ಕೆ ಎತ್ತಿ ನೋಡಬೇಕು; ಕಿವಿಯವರೆಗೆ ಜಾರಿ ಬಂದರೆ ಅದು ಆ ಮೈಯದ್ದಲ್ಲ. ಗಂಬೂಟು ಬೇಡವೇ ಬೇಡ, ನೀರು ತುಂಬಿದರೆ ಈಜು ಬರುವವನ ಕಾಲನ್ನೂ ಕಟ್ಟಿಹಾಕುತ್ತದೆ.

ಕೊರವನಿಗೆ ಗಾಳ ಗಟ್ಟಿಯದೇ ಆಗಬೇಕು. ಆರೂವರೆ ಏಳಡಿಯ, ತುದಿ ಮಿದುವಾಗಿ ನಡು ಬಿಗಿಯಾಗಿರುವ ಕೋಲು. ಮಧ್ಯಮ ಗಾತ್ರದ ರೀಲು. ಹೆಣೆದ ದಾರ, 40 ಪೌಂಡ್ ಆಸುಪಾಸಿನದು. ಸಣ್ಣ ನೈಲಾನ್ ದಾರ ಇಲ್ಲಿ ಸಲ್ಲದು, ಕಚ್ಚಿದೊಡನೆ ಮೀನು ಕಳೆಯ ಬುಡಕ್ಕೆ ನುಗ್ಗುವುದರಿಂದ ಅದನ್ನು ಕಳೆಯ ಸಮೇತ ಎಳೆಯಬೇಕಾಗುತ್ತದೆ. ದಾರದ ತುದಿಗೆ ಟೊಳ್ಳು ರಬ್ಬರಿನ ಕಪ್ಪೆ. ಅದರ ಎರಡು ಕೊಕ್ಕೆಗಳು ಬೆನ್ನಿಗೆ ಅಂಟಿಕೊಂಡಿರುತ್ತವೆ, ಹೀಗಾಗಿ ಅಂತರಗಂಗೆಯ ಎಲೆಗಳ ಮೇಲೆ ಸಿಕ್ಕದೆ ಜಾರುತ್ತದೆ. ಮೀನು ಕಚ್ಚಿ ರಬ್ಬರು ಅಮುಕಿದಾಗಷ್ಟೇ ಕೊಕ್ಕೆ ಹೊರಬರುತ್ತದೆ. ನೀರು ಸಿಡಿದ ಕೂಡಲೇ ಜಗ್ಗುವುದು ಹೊಸಬರ ಚಟ. ಒಂದೆರಡು ಎಣಿಸಿ, ದಾರ ಭಾರವಾದ ಮೇಲೆ ಜಗ್ಗಬೇಕು. ಕೊಕ್ಕೆ ಬಿಡಿಸಲು ಉದ್ದ ಮೂತಿಯ ಇಕ್ಕಳ. ಆ ಹಲ್ಲುಗಳ ನಡುವೆ ಬೆರಳು ಹಾಕಿದವನು ಎರಡನೆಯ ಸಲ ಹಾಕುವುದಿಲ್ಲ.

ನೀರಿನ ಮೇಲೆ ಕೆಂಪುಮಿಶ್ರಿತ ಮರಿಗಳ ಗುಂಪು ಕುದಿಯುವಂತೆ ಕಂಡರೆ ಕೆಳಗೆ ತಾಯ್ತಂದೆ ಮೀನುಗಳು ಕಾವಲಿವೆ ಎಂದರ್ಥ. ಆಗ ಎಸೆದ ಕಪ್ಪೆಗೆ ಅವು ಹಸಿವಿಗಲ್ಲ, ಸಿಟ್ಟಿಗೆ ಎರಗುತ್ತವೆ. ಹಿಡಿಯುವುದು ಸುಲಭ, ಹಿಡಿದರೆ ಆ ನೂರಾರು ಮರಿಗಳು ಅನಾಥ. ತಿಳಿದವರು ಹುಟ್ಟು ತಿರುಗಿಸಿ ಮುಂದೆ ಹೋಗುತ್ತಾರೆ.

ಗಾಳ ಇಳಿಸುವ ಮುನ್ನ, ಕೆರೆಯಾದರೆ ಅದನ್ನು ಗುತ್ತಿಗೆ ಹಿಡಿದವರ ಒಪ್ಪಿಗೆ ಬೇಕು, ಹೊಳೆ, ಜಲಾಶಯವಾದರೆ ತಾಲೂಕಿನ ಮೀನುಗಾರಿಕೆ ಕಚೇರಿಯಲ್ಲಿ ವಿಚಾರಿಸಬೇಕು. ಸಿಡಿಮದ್ದು, ವಿಷ ಹಾಕಿ ಮೀನು ಹಿಡಿಯುವುದನ್ನು ಕರ್ನಾಟಕದ 1996ರ ಒಳನಾಡು ಮೀನುಗಾರಿಕೆ ಕಾಯ್ದೆ ನಿಷೇಧಿಸುತ್ತದೆ.

ಕೊನೆಗೆ ಮತ್ತೆ, ಮೊದಲು ಹೇಳಿದ ಆ ಕ್ಯುಸೆಕ್ ಮಾತು. ಒಂದು ಕ್ಯುಸೆಕ್ ಎಂದರೆ ಸೆಕೆಂಡಿಗೆ 28 ಲೀಟರ್ ಚಿಲ್ಲರೆ. ಲಕ್ಷ ಕ್ಯುಸೆಕ್ ಎಂದರೆ ರೆಪ್ಪೆ ಬಡಿಯುವಷ್ಟರಲ್ಲಿ 28 ಲಕ್ಷ ಲೀಟರು. ಇಲ್ಲಿ ಹನಿ ಬೀಳದಿದ್ದರೂ ಸಹ್ಯಾದ್ರಿಯ ಮಳೆಗೆ ಕೃಷ್ಣೆ ಉಬ್ಬುತ್ತದೆ. 2005, 2019, 2021ರ ಪ್ರವಾಹಗಳನ್ನು ಉಂಡ ದಂಡೆಯವರಿಗೆ ಇದನ್ನು ಹೇಳಬೇಕಿಲ್ಲ. ಅವರು ಬೆಳಿಗ್ಗೆ ಪೇಪರಿನಲ್ಲಿ ರಾಜಾಪುರದ ಅಂಕಿ ನೋಡಿ, ಆಮೇಲೆ ದಂಡೆಗೆ ಬಂದು ನೀರಂಚಿನಲ್ಲೊಂದು ಕಡ್ಡಿ ನೆಡುತ್ತಾರೆ. ಚಹಾ ಕುಡಿದು ಬರುವಷ್ಟರಲ್ಲಿ ಕಡ್ಡಿ ನೀರಿನೊಳಗೆ ನಿಂತಿದ್ದರೆ ಹರಿಗೋಲನ್ನು ಮತ್ತೆ ಬೋರಲು ಹಾಕಿ, ಗಾಡಿಗೆ ಹಗ್ಗ ಬಿಗಿಯುತ್ತಾರೆ.