ನೆರೆ ಇಳಿದ ಮೇಲೆ ಬರುವ ಬೇನೆ

ಕಲಬುರಗಿ ಎಂದರೆ ಬರದ ಜಿಲ್ಲೆ ಎಂಬ ಮಾತು ರೂಢಿಯಲ್ಲಿದೆ. ವರ್ಷಕ್ಕೆ ಸರಾಸರಿ 750ರಿಂದ 800 ಮಿಲಿಮೀಟರ್ ಮಳೆ ಬೀಳುವ, ತೊಗರಿ ಬೆಳೆಯುವ ಈ ಎರೆನಾಡಿನ ಜನರಿಗೆ ನೀರು ಸಾಲದೆಂಬುದೇ ಚಿಂತೆ. ಅದೇ ಮಳೆ ಕೆಲವೇ ದಿನಗಳಲ್ಲಿ ಒಟ್ಟಿಗೆ ಸುರಿದರೆ ಏನಾಗುತ್ತದೆಂಬುದನ್ನು 2020ರ ಅಕ್ಟೋಬರ್ ತೋರಿಸಿಕೊಟ್ಟಿತು. ಬಂಗಾಳ ಕೊಲ್ಲಿಯ ವಾಯುಭಾರ ಕುಸಿತ ಭಾರಿ ಮಳೆ ತಂದಿತು. ಮಹಾರಾಷ್ಟ್ರದ ಉಜನಿ ಜಲಾಶಯದಿಂದ ಬಿಟ್ಟ ನೀರಿಗೆ ಭೀಮಾ ನದಿ ಉಕ್ಕಿತು. 2025ರ ಸೆಪ್ಟೆಂಬರಿನಲ್ಲಿ ಭೀಮಾ ಮತ್ತೆ ದಡ ಮೀರಿತು. ನೆರೆ ಇಳಿದೊಡನೆ ಅಪಾಯ ಕಳೆಯಿತೆಂದು ಎಲ್ಲರೂ ನಿಟ್ಟುಸಿರು ಬಿಡುತ್ತಾರೆ. ಆದರೆ ರೋಗಗಳ ಲೆಕ್ಕ ಶುರುವಾಗುವುದೇ ಆಗ.

ಮೇಲಿನ ಹೊಲ, ಕೆಳಗಿನ ನಳ

ಕಲಬುರಗಿಯಿಂದ ಹುಮನಾಬಾದ್ ರಸ್ತೆ ಹಿಡಿದು ಕುರಿಕೋಟಾ ಸೇತುವೆ ದಾಟಿದರೆ ಮುಂದೆ ಕಮಲಾಪುರ. ಕೆಂಪು ಬಾಳೆಹಣ್ಣಿಗೆ ಹೆಸರಾದ ಊರು. ಈಗ ತಾಲ್ಲೂಕು ಕೇಂದ್ರ. ಈ ಸೀಮೆಯ ಮಳೆನೀರು ಹಳ್ಳಗಳಲ್ಲಿ, ಗಂಡೋರಿ ನಾಲಾದಲ್ಲಿ ಹರಿದು ಬೆಣ್ಣೆತೊರಾ ನದಿಯನ್ನು ಸೇರುತ್ತದೆ. ಕಲಬುರಗಿ ನಗರಕ್ಕೆ ಕುಡಿಯುವ ನೀರು ಬರುವುದು ಮುಖ್ಯವಾಗಿ ಭೀಮಾ ನದಿ ಮತ್ತು ಬೆಣ್ಣೆತೊರಾ ಜಲಾಶಯದಿಂದ. ಹೀಗಾಗಿ ಮೇಲಿನ ಹಳ್ಳಿಯ ಬಯಲು, ತಿಪ್ಪೆ, ಚರಂಡಿಗಳನ್ನು ತೊಳೆದುಕೊಂಡು ಬಂದ ಮಳೆ ಕೆಳಗಿನ ನಗರದ ನೀರಿನ ಮೂಲವನ್ನೇ ಮುಟ್ಟುತ್ತದೆ.

ಕಾಲರಾ, ಕರುಳುಬೇನೆ, ವಿಷಮಶೀತ ಜ್ವರ, ಕಾಮಾಲೆಗಳ ರೋಗಾಣುಗಳು ರೋಗಿಯ ಮಲದಿಂದ ಹೊರಟು ಇನ್ನೊಬ್ಬರ ಬಾಯಿ ಸೇರಬೇಕು. ದೂರ ದೂರ ಇರಬೇಕಾದ ಚರಂಡಿಯನ್ನೂ ಬಾವಿಯನ್ನೂ ಒಂದುಗೂಡಿಸಿ ನೆರೆ ಈ ದಾರಿಯನ್ನು ಸುಲಭ ಮಾಡಿಕೊಡುತ್ತದೆ. ಹಳ್ಳಿಯಲ್ಲಿ ಕಟ್ಟೆಯಿಲ್ಲದ ಬಾವಿಗೆ, ಸುತ್ತಲಿನ ಕಟ್ಟೆ ಒಡೆದ ಕೊಳವೆಬಾವಿಗೆ ಕೊಳಚೆ ನೇರವಾಗಿ ಇಳಿಯುತ್ತದೆ.

ನಗರದಲ್ಲಿ ಅದು ಕಣ್ಣಿಗೆ ಕಾಣದಂತೆ ನುಗ್ಗುತ್ತದೆ. ಆಗೊಮ್ಮೆ ಈಗೊಮ್ಮೆ ನೀರು ಬಿಡುವ ಪದ್ಧತಿಯಲ್ಲಿ ಕೊಳವೆ ಉಳಿದ ಹೊತ್ತು ಖಾಲಿ ಇರುತ್ತದೆ. ಒಳಗೆ ಒತ್ತಡವಿಲ್ಲದಾಗ ಸುತ್ತ ನಿಂತ ಕೊಳಚೆ ಬಿರುಕುಗಳಿಂದ ಒಳಕ್ಕೆ ಜಿನುಗುತ್ತದೆ. ನೆನೆದಾಗ ಉಬ್ಬಿ, ಒಣಗಿದಾಗ ಬಿರಿಯುವ ಎರೆಮಣ್ಣು ಕೊಳವೆಗಳ ಜೋಡಣೆಯನ್ನು ಸಡಿಲಿಸುವುದೂ ಉಂಟು. ಹುಬ್ಬಳ್ಳಿ-ಧಾರವಾಡದಲ್ಲಿ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನವೊಂದು ಇದನ್ನು ಅಳೆದು ತೋರಿಸಿತು. ಬಿಟ್ಟು ಬಿಟ್ಟು ಬರುವ ನಳದ ನೀರಿನ ಮಾದರಿಗಳಲ್ಲಿ ನೂರಕ್ಕೆ ಸುಮಾರು 32ರಲ್ಲಿ ಮಲದ ಗುರುತಾದ ಇ-ಕೋಲಿ ಬ್ಯಾಕ್ಟೀರಿಯಾ ಸಿಕ್ಕಿತು. ದಿನವಿಡೀ ಬರುವ ನೀರಿನಲ್ಲಿ ಆ ಪ್ರಮಾಣ ನೂರಕ್ಕೆ ಒಂದೂ ಇರಲಿಲ್ಲ.

ತಡವಾಗಿ ಬರುವ ಕಾಮಾಲೆ

ಕಾಲರಾ ಕೆಲವು ಗಂಟೆಗಳಿಂದ ಐದು ದಿನಗಳೊಳಗೆ ಕಾಣಿಸಿಕೊಳ್ಳುತ್ತದೆ. ವಿಷಮಶೀತ ಜ್ವರಕ್ಕೆ ಒಂದರಿಂದ ಮೂರು ವಾರ ಬೇಕು. ನೀರಿನಿಂದ ಹರಡುವ ಕಾಮಾಲೆಗೆ ಎರಡರಿಂದ ಎಂಟು ವಾರ. ಅಷ್ಟರಲ್ಲಿ ಗಂಜಿ ಕೇಂದ್ರ ಮುಚ್ಚಿರುತ್ತದೆ, ವೈದ್ಯರ ತಂಡ ಮರಳಿರುತ್ತದೆ, ಪತ್ರಿಕೆಗಳಲ್ಲಿ ಬೇರೆ ಸುದ್ದಿ ಬಂದಿರುತ್ತದೆ.

ಇದಕ್ಕೆ ದೆಹಲಿಯ ಅನುಭವವೇ ಸಾಕ್ಷಿ. 1955ರ ನವೆಂಬರಿನಲ್ಲಿ, ಯಮುನೆಯ ನೆರೆಯ ಬಳಿಕ, ನಗರದ ಕೊಳಚೆ ನೀರು ವಜೀರಾಬಾದಿನ ನೀರೆತ್ತುವ ಸ್ಥಳಕ್ಕೇ ಹಿಮ್ಮರಳಿತು. ಕ್ಲೋರಿನ್ ಹೆಚ್ಚಿಸಿದ್ದರಿಂದ ವಿಷಮಶೀತ ಜ್ವರ, ಆಮಶಂಕೆಗಳು ಹೆಚ್ಚಲಿಲ್ಲ. ಕಾಮಾಲೆಯ ವೈರಾಣು ಮಾತ್ರ ಉಳಿದುಕೊಂಡಿತು. ವಾರಗಳ ಬಳಿಕ ಸುಮಾರು 29,000 ಜನ ಹಳದಿಗಣ್ಣಿನವರಾದರು. ಅದು ಹೆಪಟೈಟಿಸ್-ಇ ಎಂಬುದು ಮುಂದೆ ಎಷ್ಟೋ ವರ್ಷಗಳ ಮೇಲೆ ತಿಳಿಯಿತು. ಗರ್ಭಿಣಿಯರ ಪಾಲಿಗೆ ಇದು ಮಾರಕವಾಗಬಲ್ಲ ರೋಗ.

ಮಾಡಬೇಕಾದುದೇನು?

ಸ್ವಚ್ಛವಾಗಿ ಕಾಣುವ 1,000 ಲೀಟರ್ ನೀರಿಗೆ ಸುಮಾರು ಎರಡೂವರೆ ಗ್ರಾಂ ಒಳ್ಳೆಯ ಬ್ಲೀಚಿಂಗ್ ಪುಡಿ ಬೆರೆಸಿ ಒಂದು ಗಂಟೆ ಬಿಡಬೇಕು. ರಾಡಿ ನೀರಿನಲ್ಲಿ ಮಣ್ಣೇ ಕ್ಲೋರಿನ್ ಹೀರಿಕೊಳ್ಳುವುದರಿಂದ ಮೊದಲು ತಿಳಿಯಾಗಿಸಿ ಸೋಸಬೇಕು. ಬಹುದಿನ ತೆರೆದಿಟ್ಟ ಪುಡಿ ಸತ್ವಹೀನ. ಮನೆಯಲ್ಲಿ ನೀರನ್ನು ಕೊತಕೊತ ಕುದಿಸಿ ಕುಡಿಯುವುದೇ ಭದ್ರ. ಕಾಮಾಲೆಯ ವೈರಾಣುವಿಗೂ ಇದೇ ಮದ್ದು.

ವಾಂತಿಭೇದಿ ತಗುಲಿದರೆ ಕೊಲ್ಲುವುದು ಮೈಯ ನೀರಿನ ನಷ್ಟ. 1971ರಲ್ಲಿ ಪಶ್ಚಿಮ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಸಲೈನ್ ಬಾಟಲಿಗಳು ಮುಗಿದಾಗ ಡಾ. ದಿಲೀಪ್ ಮಹಾಲನಬಿಸ್ ಉಪ್ಪು-ಸಕ್ಕರೆಯ ದ್ರಾವಣವನ್ನು ಡ್ರಮ್ಮುಗಳಲ್ಲಿ ತುಂಬಿ ಕುಡಿಸಿದರು. ಸಾವಿನ ಪ್ರಮಾಣ ನೂರಕ್ಕೆ ನಾಲ್ಕಕ್ಕಿಂತ ಕೆಳಗಿಳಿಯಿತು. ಪೊಟ್ಟಣ ಸಿಗದಿದ್ದರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಆರು ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಸಾಕು.

ಇವೆಲ್ಲ ಆಪತ್ಕಾಲದ ಉಪಾಯಗಳು. ಕಮಲಾಪುರದ ಹಳ್ಳಿಗಳಲ್ಲಿ ಶೌಚಾಲಯಗಳು ಬಳಕೆಯಲ್ಲಿದ್ದು, ಬಾವಿಗಳಿಗೆ ಕಟ್ಟೆಯಿದ್ದರೆ ಆ ಹಳ್ಳಿಗರ ಜೊತೆಗೆ ಕಲಬುರಗಿಯ ಮಕ್ಕಳೂ ಉಳಿಯುತ್ತಾರೆ. ಪರಿಹಾರದ ಲೆಕ್ಕ ಹಾಕುವವರು ಬಿದ್ದ ಮನೆ, ಕೊಳೆತ ಬೆಳೆಗಳ ಜೊತೆಗೆ ಮುಂದಿನ ಎಂಟು ವಾರಗಳ ನೀರಿನ ಪರೀಕ್ಷೆಯನ್ನೂ ಸೇರಿಸಿಕೊಳ್ಳಬೇಕು.