ಮೊಟ್ಟೆಯ ಹಳದಿಯಲ್ಲಿರುವ ಕೋಲೀನ್

ಹೊಳಲ್ಕೆರೆಯ ಅಡಕೆತೋಟಗಳನ್ನೂ ಹೊಸದುರ್ಗದ ತೆಂಗಿನ ಸೀಮೆಯನ್ನೂ ಹಾದು, ಮಾರಿಕಣಿವೆಯ ನೀರುಂಡ ಹಿರಿಯೂರಿನ ಬಯಲಿಗೆ ಇಳಿಯುವ ಪಥಿಕನಿಗೆ ಚಿತ್ರದುರ್ಗದ ನೆಲವು ಬಗೆಬಗೆಯಾಗಿ ಕಂಡರೂ, ಉಣ್ಣುವ ತಟ್ಟೆಯಲ್ಲಿ ರಾಗಿಮುದ್ದೆ, ಹುರುಳಿಯದೋ ಅವರೆಯದೋ ಸಾರು, ಸೊಪ್ಪು, ಮಜ್ಜಿಗೆ, ಇವೇ ಎಲ್ಲೆಡೆಯೂ ಎದುರಾಗುವುವು. ದುಡಿಯುವ ಮೈಗೆ ಕಸುವೀಯುವ ಈ ಊಟದಲ್ಲಿ ಮಿತವಾಗಿ ಮಾತ್ರ ದೊರೆಯುವ ಪೋಷಕವೊಂದುಂಟು; ಅದು ಕೋಲೀನ್.

ಜೀವಸತ್ತ್ವಗಳ ಪಂಕ್ತಿಗೆ ಸೇರದಿದ್ದರೂ ಅವುಗಳಷ್ಟೇ ಅನಿವಾರ್ಯವಾದ ಈ ದ್ರವ್ಯವನ್ನು ಯಕೃತ್ತು ಕಿಂಚಿತ್ತು ತಾನೇ ನಿರ್ಮಿಸಿಕೊಳ್ಳುವುದಾದರೂ ಅಷ್ಟರಿಂದ ದೇಹದ ಅವಶ್ಯಕತೆ ತೀರದು. ಜೀವಕೋಶಗಳ ಪೊರೆಗೂ, ಸ್ಮೃತಿಗೂ ಸ್ನಾಯುಚಲನೆಗೂ ಬೇಕಾದ ಅಸಿಟೈಲ್‌ಕೋಲೀನಿಗೂ, ಯಕೃತ್ತಿನ ಕೊಬ್ಬನ್ನು ಹೊರಸಾಗಿಸುವ ಕಾರ್ಯಕ್ಕೂ ಅದು ಬೇಕೇ ಬೇಕು. ಕೋಲೀನ್ ಕೊಟ್ಟರೆ ಯಕೃತ್ತಿನಲ್ಲಿ ಕೊಬ್ಬು ಸಂಚಯವಾಗದೆಂಬುದನ್ನು ಇನ್ಸುಲಿನ್ ಖ್ಯಾತಿಯ ಚಾರ್ಲ್ಸ್ ಬೆಸ್ಟ್ ಮತ್ತು ಸಂಗಡಿಗರು 1932ರಲ್ಲಿಯೇ ಪ್ರಾಣಿಗಳಲ್ಲಿ ಕಂಡಿದ್ದರೂ, ಅಮೆರಿಕದ ವೈದ್ಯಕೀಯ ಸಂಸ್ಥೆಯು ಮನುಷ್ಯರಿಗೆ ದಿನವೊಂದಕ್ಕೆ ಸಾಕೆನಿಸುವ ಪ್ರಮಾಣವನ್ನು ಗೊತ್ತುಪಡಿಸಿದ್ದು 1998ರಲ್ಲಿ: ಗಂಡಸರಿಗೆ 550 ಮಿಲಿಗ್ರಾಂ, ಹೆಂಗಸರಿಗೆ 425, ಗರ್ಭಿಣಿಯರಿಗೆ 450, ಹಾಲೂಡುವ ತಾಯಂದಿರಿಗೆ ಮತ್ತೆ 550.

ದೊಡ್ಡ ಕೋಳಿಮೊಟ್ಟೆಯೊಂದರಲ್ಲಿ ಸುಮಾರು 147 ಮಿಲಿಗ್ರಾಂ ಕೋಲೀನಿದ್ದು, ಅದು ಹೆಚ್ಚುಕಡಮೆ ಪೂರ್ತಿಯಾಗಿ ಹಳದಿಯಲ್ಲೇ ಅಡಗಿರುವುದು. ಶಾಲೆಯ ಜಗುಲಿಯಲ್ಲಿ ಸಾಲಾಗಿ ಕುಳಿತ ಮಕ್ಕಳಲ್ಲಿ ಕೆಲವರು ಬೆಂದ ಮೊಟ್ಟೆಯ ಬಿಳಿಯನ್ನು ತಿಂದು, ಪುಡಿಪುಡಿಯಾದ ಹಳದಿಯನ್ನು ತಟ್ಟೆಯ ಅಂಚಿಗೆ ಒತ್ತರಿಸಿಡುವುದನ್ನು ಕಂಡಾಗ ಮನಸ್ಸಿಗೆ ವ್ಯಥೆಯಾಗುವುದು. 2024ರಿಂದ ವಾರದ ಆರು ದಿನವೂ ಶಾಲೆಗಳಲ್ಲಿ ಮೊಟ್ಟೆ ಕೊಡುವ ಏರ್ಪಾಡಾಗಿರುವುದು ನಿಜಕ್ಕೂ ಶ್ಲಾಘ್ಯ. ಆದರೆ ಮೊಟ್ಟೆಯೊಲ್ಲದವರಿಗೆ ನೀಡುವ ಬಾಳೆಹಣ್ಣಾಗಲಿ ಹಿಂದೆ ನೀಡುತ್ತಿದ್ದ ಶೇಂಗಾ ಚಿಕ್ಕಿಯಾಗಲಿ, ತಮ್ಮ ಪಾಡಿಗೆ ಒಳ್ಳೆಯ ತಿನಿಸೇ ಆದರೂ, ಕೋಲೀನಿನ ಲೆಕ್ಕದಲ್ಲಿ ಮೊಟ್ಟೆಗೆ ಸಾಟಿಯಾಗವು. ಬಾಳೆಹಣ್ಣೊಂದರಲ್ಲಿ ಇರುವುದು ಹನ್ನೆರಡು ಮಿಲಿಗ್ರಾಮಿನಷ್ಟೇ.

ಹಾಗೆಂದು ಶಾಕಾಹಾರಿಗಳು ಹತಾಶರಾಗಬೇಕಿಲ್ಲ. ಹುರಿದ ಸೋಯಾ ಅರ್ಧ ಬಟ್ಟಲಿಗೆ ನೂರು ಮಿಲಿಗ್ರಾಮಿಗೂ ಮಿಗಿಲಾಗಿ, ಒಂದು ಲೋಟ ಹಾಲು ನಲವತ್ತರಷ್ಟು ಕೊಡುವುದು. ಕಾಳು, ಹೂಕೋಸು, ಆಲೂಗೆಡ್ಡೆ ಮುಂತಾದುವು ತಮ್ಮ ಪಾಲನ್ನು ಸೇರಿಸುವುವು. ಮಾಂಸ ತಿನ್ನುವ ಮನೆಗಳಲ್ಲಿ, ವಿಶೇಷವಾಗಿ ಕುರಿ ಸಾಕುವ ಈ ಸೀಮೆಯಲ್ಲಿ, ಈಲಿಯು, ಎಂದರೆ ಯಕೃತ್ತು, ಕೋಲೀನಿನ ದೊಡ್ಡ ಆಕರ. ಅದರಲ್ಲಿ ಎ ಜೀವಸತ್ತ್ವವು ಅತಿಯಾಗಿರುವುದರಿಂದ ಬಸುರಿಯರು ಮಾತ್ರ ಮಿತಿ ಮೀರಬಾರದು. ಬಸುರಿಯ ಕೋಲೀನು ಗರ್ಭಸ್ಥ ಶಿಶುವಿನ ಮಿದುಳಿನ ಬೆಳವಣಿಗೆಗೂ ಹಂಚಿಹೋಗುವುದಾದುದರಿಂದ ಆಕೆಗೆ ಅದು ಇನ್ನಷ್ಟು ಬೇಕು; ಅಂಗನವಾಡಿಗಳಲ್ಲಿ 2017ರಿಂದ ನಡೆದುಬಂದಿರುವ ಮಾತೃಪೂರ್ಣ ಯೋಜನೆಯ ಮೊಟ್ಟೆಯೂ ಹಾಲೂ ಸೇರಿ ಆಕೆಯ ದಿನದ ಅಗತ್ಯದ ಮೂರನೆಯ ಒಂದು ಭಾಗಕ್ಕೂ ಮಿಗಿಲಾದುದನ್ನು ಒದಗಿಸಬಲ್ಲವು; ಮನೆಗೊಯ್ದು ಎಲ್ಲರಿಗೂ ಹಂಚದೆ, ಅಲ್ಲಿಯೇ ಕುಳಿತು, ಹಳದಿಯನ್ನೂ ಬಿಡದೆ ಉಂಡರೆ.